ಮಿಸ್ಸೂ ಅಲ್ಲ, ಮಿಸೆಸ್ಸೂ ಅಲ್ಲ: ‘ಮಿಜ್’

ಇಂಗ್ಲಿಷ್‌ನಲ್ಲಿ ಗಂಡಸು ಮದುವೆಗೆ ಮುಂಚೆಯೂ ‘ಮಿಸ್ಟರ್’, ಅನಂತರವೂ ‘ಮಿಸ್ಟರ್’. ಹೆಂಗಸು ಮಾತ್ರ ಮೊದಲು ‘ಮಿಸ್’, ಆಮೇಲೆ ‘ಮಿಸೆಸ್’. ಇವೆರಡೂ ಮನೆಯೊಡತಿ ಎಂಬರ್ಥದ ‘ಮಿಸ್ಟ್ರೆಸ್’ ಪದದ ಮೊಟಕು ರೂಪಗಳೇ!

ಮದುವೆಯ ಸುದ್ದಿ ಹೇಳದ, ಎಂ ಮತ್ತು ಎಸ್ ಅಕ್ಷರಗಳ ‘ಮಿಜ್’ ಪದವನ್ನು 1901ರಲ್ಲೇ ಅಮೆರಿಕದ ಪತ್ರಿಕೆಯೊಂದು ಸೂಚಿಸಿತ್ತು. 1984ರಲ್ಲಿ ಅಲ್ಲಿನ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ ಜೆರಾಲ್ಡಿನ್ ಫೆರಾರೊ ತವರಿನ ಹೆಸರನ್ನೇ ಉಳಿಸಿಕೊಂಡಿದ್ದರು. ವಿವಾಹಿತೆಗೆ ‘ಮಿಸ್’ ಸಲ್ಲದು. ಫೆರಾರೊ ಗಂಡನ ಹೆಸರಲ್ಲವಾದ್ದರಿಂದ ‘ಮಿಸೆಸ್’ ಹೊಂದದು. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ 1986ರಲ್ಲಿ ‘ಮಿಜ್’ ಒಪ್ಪಿಕೊಂಡಿತು.

ವಿದ್ಯಾರ್ಥಿಗಳು ಪತ್ರ ಬರೆಯುವಾಗ ಮಹಿಳೆಯ ಹೆಸರಿನ ಹಿಂದೆ ಈ ಪದವನ್ನೇ ಬಳಸುವುದು ಕ್ಷೇಮ. ಹೆಸರು ತಿಳಿಯದಿದ್ದರೆ ‘ಡಿಯರ್ ಮೇಡಂ’ ಸಾಕು. ಆದರೆ ಆಕೆಯೇ ‘ಮಿಸೆಸ್’ ಎಂದು ಬರೆದುಕೊಂಡಿದ್ದರೆ, ಹಾಗೆಯೇ ಬರೆಯುವುದು ಮರ್ಯಾದೆ.