ದೂರದ ದಫ್ತರ, ಊರಿನ ಅಚ್ಚು

ಮುಂಗಾರಿನ ಮೊದಲ ಮಳೆ ಬಿದ್ದು ನಾಲ್ಕು ದಿನ ಕಳೆಯಿತೆಂದರೆ ದೇವದುರ್ಗದಲ್ಲಾಗಲಿ ಮಾನ್ವಿಯಲ್ಲಾಗಲಿ ನಾಡಕಚೇರಿಯ ಮುಂದೆ ಜನರ ಸಾಲು ಬೆಳೆಯುವುದು. ಒಬ್ಬನಿಗೆ ಸಹಕಾರ ಸಂಘದಲ್ಲಿ ಬೆಳೆಸಾಲ ಬೇಕಾಗಿದೆ. ಇನ್ನೊಬ್ಬನಿಗೆ ಬೆಳೆವಿಮೆ ಮಾಡಿಸಬೇಕಾಗಿದೆ. ಮತ್ತೊಬ್ಬನು ತಂದೆಯ ಕಾಲಾನಂತರ ಹೊಲ ತನ್ನ ಹೆಸರಿಗೆ ಆಯಿತೋ ಇಲ್ಲವೋ ಎಂದು ನೋಡಬಂದಿರುವನು. ಮೂವರಿಗೂ ಬೇಕಾದುದು ಒಂದೇ ಕಾಗದ, ಅದು ಪಹಣಿ. ಕಿಟಕಿಯ ಒಳಗೆ ಕುಳಿತವರು ಊರಿನ ಹೆಸರನ್ನೂ ಸರ್ವೆ ನಂಬರನ್ನೂ ಕೇಳಿ ಕೀಲಿಗಳನ್ನು ಒತ್ತುವರು. ಪಕ್ಕದಲ್ಲಿರುವ ಪ್ರಿಂಟರು ಒಂದು ಗಳಿಗೆ ಗೊಣಗಿ, ಅಚ್ಚಾದ ಹಾಳೆಯೊಂದನ್ನು ಹೊರಕ್ಕೆ ನೂಕುವುದು.

ಈ ಹಾಳೆ ಎಲ್ಲಿಂದ ಬಂದಿತೆಂದು ಕೇಳಿದರೆ ಬಹುಮಂದಿ ಆ ಪೆಟ್ಟಿಗೆಯನ್ನು ತೋರಿಸುವರು. ಅದು ಅರ್ಧ ಸತ್ಯ. ಅಕ್ಷರಗಳು ಮೂಡಿದುದು ದೇವದುರ್ಗದಲ್ಲಿ. ಅವುಗಳ ಮೂಲವಿರುವುದು ಸುಮಾರು ೪೦೦ ಕಿಲೋಮೀಟರು ದೂರದ ಬೆಂಗಳೂರಿನಲ್ಲಿ, ರಾಜ್ಯ ದತ್ತಾಂಶ ಕೇಂದ್ರದ ಗಣಕಯಂತ್ರಗಳಲ್ಲಿ. ದಫ್ತರ ಒಂದೆಡೆ, ಅಚ್ಚು ಇನ್ನೊಂದೆಡೆ. ಇವೆರಡರ ಸಂಬಂಧವನ್ನು ತಿಳಿದುಕೊಳ್ಳುವುದು ಕೇವಲ ಕುತೂಹಲದ ಮಾತಲ್ಲ. ತಪ್ಪು ಎಲ್ಲಿದೆಯೆಂದು ತಿಳಿಯದವನು ಅದನ್ನು ತಿದ್ದಿಸುವುದಾದರೂ ಹೇಗೆ?

ನಮ್ಮ ಹಿರಿಯರ ಕಾಲದಲ್ಲಿ ಹೀಗಿರಲಿಲ್ಲ. ೧೯೪೮ರವರೆಗೆ ರಾಯಚೂರು ಸೀಮೆಯು ನಿಜಾಮರ ಆಡಳಿತದಲ್ಲಿದ್ದಿತು. ಸರಕಾರದ ಭಾಷೆ ಉರ್ದು. ಹಳ್ಳಿಯ ಭೂಮಿಯ ಲೆಕ್ಕವೆಲ್ಲ ವಂಶಪಾರಂಪರ್ಯವಾಗಿ ಬಂದ ಪಟವಾರಿಯ ಕೈಯಲ್ಲಿ. ನಕಲು ಬೇಕಾದವನು ಅವನ ಮನೆಯ ಬಾಗಿಲಲ್ಲಿ ನಿಲ್ಲಬೇಕು. ೧೯೫೬ರ ನವೆಂಬರ್ ೧ರಂದು ಈ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಅನಂತರ ಗ್ರಾಮ ಲೆಕ್ಕಿಗರು ಬಂದರು. ಆದರೂ ನಕಲು ಕೈಬರಹದ್ದೇ. ಅದು ದೊರೆಯುವುದು ಬರೆಯುವವರ ಬಿಡುವನ್ನೂ ಮನಸ್ಸನ್ನೂ ಅವಲಂಬಿಸಿತ್ತು.

ಈ ಸ್ಥಿತಿಯನ್ನು ಬದಲಿಸಿದುದು ಕರ್ನಾಟಕ ಸರಕಾರದ ‘ಭೂಮಿ’ ಯೋಜನೆ. ೨೦೦೦ದ ಆಚೀಚೆಯ ವರ್ಷಗಳಲ್ಲಿ, ಸುಮಾರು ೯,೦೦೦ ಗ್ರಾಮ ಲೆಕ್ಕಿಗರ ಬಳಿಯಿದ್ದ ಪುಸ್ತಕಗಳಿಂದ, ೬೭ ಲಕ್ಷ ರೈತರಿಗೆ ಸಂಬಂಧಿಸಿದ ಸುಮಾರು ೨ ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿದರು. ೧೭೭ ತಾಲ್ಲೂಕು ಕೇಂದ್ರಗಳಲ್ಲಿ ೧೫ ರೂಪಾಯಿ ಕೊಟ್ಟವರಿಗೆ ಅಚ್ಚಾದ ಪಹಣಿ ದೊರೆಯುವ ಏರ್ಪಾಡಾಯಿತು. ಕೈಬರಹದ ನಕಲಿನ ಕಾನೂನುಬಲ ಕೊನೆಗೊಂಡಿತು. ಆಗ ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕಿನ ಗಣಕದಲ್ಲಿಯೇ ಇರುತ್ತಿದ್ದಿತು. ಮುಂದೆ ಅವೆಲ್ಲವನ್ನೂ ಬೆಂಗಳೂರಿನಲ್ಲಿ ಒಂದುಗೂಡಿಸಿದರು. ಆದುದರಿಂದ ತಾಲ್ಲೂಕು ಕಚೇರಿಯಲ್ಲಿ ಮಾತ್ರವೇ ಅಲ್ಲ, ಹೋಬಳಿಯ ನಾಡಕಚೇರಿಯಲ್ಲಿಯೂ, ಕಡೆಗೆ ಮನೆಯಲ್ಲಿಯೂ ಪಹಣಿಯನ್ನು ಪಡೆಯುವುದು ಸಾಧ್ಯವಾಯಿತು. ಗಬ್ಬೂರಿನವನು ಅಷ್ಟಕ್ಕಾಗಿಯೇ ದೇವದುರ್ಗಕ್ಕೆ ಬಸ್ಸು ಹತ್ತಬೇಕಾಗಿಲ್ಲ.

ಇನ್ನು ಈ ದೂರದ ಅಚ್ಚು ನಡೆಯುವ ಬಗೆಯನ್ನು ನೋಡೋಣ. ನಾಡಕಚೇರಿಯ ಯಂತ್ರವು ಬೆಂಗಳೂರಿನ ಗಣಕಕ್ಕೆ ಒಂದು ಬೇಡಿಕೆಯನ್ನು ಕಳುಹಿಸುವುದು. ಅಲ್ಲಿಯ ಗಣಕವು ದಾಖಲೆಯನ್ನು ಹುಡುಕಿ, ಯಾವ ಗೆರೆ ಎಲ್ಲಿ, ಯಾವ ಅಕ್ಷರ ಎಷ್ಟು ದೊಡ್ಡದು ಎಂಬುದನ್ನೆಲ್ಲ ಗೊತ್ತುಪಡಿಸಿ, ಪುಟದ ವಿವರವನ್ನು ಕಡತವಾಗಿ ಹಿಂದಕ್ಕೆ ಕಳುಹಿಸುವುದು. ತಂತಿಯ ಮೇಲೆ ಬರುವುದು ಕಾಗದವೂ ಅಲ್ಲ, ಚಿತ್ರವೂ ಅಲ್ಲ. ಪುಟವನ್ನು ಹೀಗೆ ಬರೆಯಬೇಕೆಂಬ ಅಪ್ಪಣೆ ಮಾತ್ರ. ಊರಿನ ಯಂತ್ರವು ಅದನ್ನು ಸರತಿಯಲ್ಲಿ ನಿಲ್ಲಿಸಿ, ಪ್ರಿಂಟರಿಗೆ ಅರ್ಥವಾಗುವ ಚುಕ್ಕೆಗಳನ್ನಾಗಿ ಮಾಡುವುದು. ಅಂಗುಲಕ್ಕೆ ೬೦೦ ಚುಕ್ಕೆಗಳಂತೆ ಅಚ್ಚುಮಾಡುವ ಯಂತ್ರವಾದರೆ ಒಂದು ಚದರ ಅಂಗುಲದಲ್ಲಿ ೩,೬೦,೦೦೦ ಚುಕ್ಕೆಗಳಿಗೆ ಸ್ಥಳವುಂಟು. ಕರಿಯ ಪುಡಿಯು ಅವುಗಳಲ್ಲಿ ಬೇಕಾದೆಡೆ ಕುಳಿತು, ಬಿಸಿಯಿಂದ ಕರಗಿ, ಕಾಗದಕ್ಕೆ ಹತ್ತಿಕೊಳ್ಳುವುದು.

ದೂರದಿಂದ ಅಚ್ಚುಮಾಡುವ ಆಸೆ ಹೊಸದೇನೂ ಅಲ್ಲ. ಹ್ಯೂಸ್ ಎಂಬವರು ೧೮೫೫ರಲ್ಲಿಯೇ ತಂತಿಯ ಸುದ್ದಿಯನ್ನು ಅಕ್ಷರಗಳಲ್ಲಿ ಮುದ್ರಿಸುವ ಯಂತ್ರವನ್ನು ರಚಿಸಿದ್ದರು. ಪುಟವನ್ನು ವರ್ಣಿಸುವ ‘ಪೋಸ್ಟ್‌ಸ್ಕ್ರಿಪ್ಟ್’ ಭಾಷೆ ೧೯೮೪ರಲ್ಲಿ ಬಂದಿತು. ಜಾಲದ ಮೂಲಕ ಮುದ್ರಿಸುವುದಕ್ಕೆ ಬೇಕಾದ ನಿಯಮಗಳು ೧೯೯೯ರಲ್ಲಿ ಪ್ರಕಟವಾದುವು. ಆದರೆ ನಮ್ಮ ಕನ್ನಡಕ್ಕೆ ಇದರಲ್ಲಿ ಬೇರೊಂದು ತೊಡಕಿದ್ದಿತು. ಹಿಂದೆ ಕನ್ನಡದ ಅಕ್ಷರರೂಪಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸುತ್ತಿದ್ದರು. ಕಳುಹಿಸಿದವರ ಬಳಿಯಿದ್ದ ಫಾಂಟು ಪಡೆದವರ ಬಳಿ ಇಲ್ಲದಿದ್ದರೆ, ಹೆಸರು ಇರಬೇಕಾದ ಸ್ಥಳದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಅಚ್ಚಾಗುತ್ತಿದ್ದುವು. ೧೯೯೧ರಲ್ಲಿ ಪ್ರಕಟವಾದ ಯೂನಿಕೋಡ್ ಕ್ರಮದಲ್ಲಿ ಕನ್ನಡಕ್ಕೂ ಸ್ವಂತ ಸಂಖ್ಯೆಗಳು ದೊರೆತುವು. ‘ಕ’ಕಾರದ ಸಂಖ್ಯೆ ೩೨೨೧. ‘ಕ್ಷ’ ಎಂದು ಬರೆಯಬೇಕಾದರೆ ಕ, ವಿರಾಮಚಿಹ್ನೆ, ಷ ಎಂಬ ಮೂರು ಸಂಖ್ಯೆಗಳು ಹೋಗುವುವು. ಅವನ್ನು ಕೂಡಿಸಿ ಒತ್ತಕ್ಷರ ಮಾಡುವುದು ಅಚ್ಚಿಗೆ ಮೊದಲು ನಡೆಯಬೇಕಾದ ಕೆಲಸ. ೧೯೯೩ರಲ್ಲಿ ಬಂದ ಪಿಡಿಎಫ್ ಎಂಬ ಕಡತದಲ್ಲಿ ಅಕ್ಷರರೂಪಗಳನ್ನೂ ಜೊತೆಗೇ ಕಟ್ಟಿ ಕಳುಹಿಸಬಹುದು. ಹಾಗೆ ಕಟ್ಟಿ ಕಳುಹಿಸಿದ ಪುಟವು ಬೆಂಗಳೂರಿನಲ್ಲಿ ಹೇಗೋ ಮಾನ್ವಿಯಲ್ಲಿಯೂ ಹಾಗೆಯೇ ಕಾಣುವುದು.

ದೂರದ ಗಣಕಕ್ಕೆ ನಮ್ಮ ಪ್ರಿಂಟರಿನ ಪರಿಚಯ ತಾನಾಗಿಯೇ ಇರುವುದೆಂದು ಭಾವಿಸಬಾರದು. ೨೦೨೦ರ ಸಾಂಕ್ರಾಮಿಕದ ದಿನಗಳಲ್ಲಿ ನಮ್ಮ ಮನೆಯಲ್ಲಿಯೇ ನಡೆದ ಸಂಗತಿಯೊಂದನ್ನು ಹೇಳುವೆನು. ನಮ್ಮ ಅಕ್ಕನ ಮಗನು ರಾಯಚೂರಿನ ಮನೆಯಲ್ಲಿ ಕುಳಿತು ಬೆಂಗಳೂರಿನ ತನ್ನ ಕಚೇರಿಯ ಗಣಕದಲ್ಲಿ ಕೆಲಸ ಮಾಡುತ್ತಿದ್ದನು. ಸಂಬಳದ ಪತ್ರವೊಂದು ಬೇಕಾಗಿ ಅಚ್ಚಿನ ಕೀಲಿಯನ್ನು ಒತ್ತಿದನು. ಮನೆಯ ಪ್ರಿಂಟರು ಮಿಸುಕಲಿಲ್ಲ. ಮತ್ತೆರಡು ಸಲ ಒತ್ತಿದನು. ಮರುದಿನ ಕಚೇರಿಯ ಕಾವಲುಗಾರರು ದೂರವಾಣಿಯಲ್ಲಿ, “ಸಾರ್, ನಿಮ್ಮ ಹೆಸರಿನ ಮೂರು ಕಾಗದ ಇಲ್ಲಿ ಬಿದ್ದಿವೆ” ಎಂದರು. ಅವನ ಕಣ್ಣು ಕೈಗಳು ರಾಯಚೂರಿನಲ್ಲಿದ್ದರೂ ಅಪ್ಪಣೆಯನ್ನು ಪಾಲಿಸಿದ ಗಣಕವು ಬೆಂಗಳೂರಿನಲ್ಲಿದ್ದಿತು. ಅದು ತನ್ನ ಬಳಿಯ ಪ್ರಿಂಟರಿಗೇ ಹಾಳೆಯನ್ನು ಕಳುಹಿಸಿತು. ಇಂತಹ ಕೆಲಸಕ್ಕೆ ಎರಡು ದಾರಿಗಳುಂಟು. ಸಂಪರ್ಕ ಮಾಡುವಾಗಲೇ ಇಲ್ಲಿಯ ಪ್ರಿಂಟರನ್ನು ಅಲ್ಲಿಯ ಗಣಕಕ್ಕೆ ತೋರಿಸಿಕೊಡುವುದು ಒಂದು. ಪುಟವನ್ನು ಕಡತವಾಗಿ ಇಲ್ಲಿಗೆ ತರಿಸಿಕೊಂಡು, ಕಣ್ಣಾರೆ ನೋಡಿ, ಇಲ್ಲಿಂದಲೇ ಅಚ್ಚುಮಾಡುವುದು ಇನ್ನೊಂದು. ಮನೆಮಂದಿಗೆ ಎರಡನೆಯದೇ ಸುಲಭ.

ಈ ಭೇದವನ್ನು ಅರಿಯದಿದ್ದರೆ ಆಗುವ ಕಷ್ಟ ಸಂಬಳದ ಪತ್ರಕ್ಕಿಂತ ದೊಡ್ಡದೂ ಆಗಬಹುದು. ಒಮ್ಮೆ ಜಾಲಹಳ್ಳಿಯ ಕಡೆಯ ಹಿರಿಯ ಹೆಣ್ಣುಮಗಳೊಬ್ಬರು ಕಿಟಕಿಯ ಮುಂದೆ ನಿಂತು ಕಣ್ಣೀರು ಹಾಕುತ್ತಿದ್ದುದನ್ನು ನೋಡಿದೆನು. ಗಂಡ ಮಾಡಿದ್ದ ಸಾಲವನ್ನು ಎರಡು ಸುಗ್ಗಿಯ ಹತ್ತಿ ಮಾರಿ ತೀರಿಸಿದ್ದರು. ಪಹಣಿಯಲ್ಲಿ ಋಣ ಹಾಗೆಯೇ ಉಳಿದಿದ್ದಿತು. ಮಗಳ ಓದಿಗೆಂದು ಹೊಸ ಸಾಲ ಕೇಳಿದರೆ ಕೊಡುವವರಿಲ್ಲ. ಮೂರು ಊರುಗಳಲ್ಲಿ ಮೂರು ಸಲ ಪಹಣಿ ತೆಗೆಸಿದ್ದರು.

“ಸಾಲ ಮುಟ್ಟಿಸೀನಪ್ಪಾ, ಇನ್ನಾ ಯಾಕ ಬರದೈತಿ? ಇದನ್ನ ಅಳಸಿ ಕೊಡು” ಎಂದರು.

“ಇಲ್ಲಿಂದ ಅಳಸಾಕ ಬರಂಗಿಲ್ಲ ಯಮ್ಮಾ. ಬ್ಯಾಂಕಿನಾಗ ಸಾಲ ತೀರಿದ ಪತ್ರ ತಗೊಂಡು ತಹಸೀಲ್ದಾರರಿಗೆ ಅರ್ಜಿ ಕೊಡ್ರಿ. ಅಲ್ಲಿ ಬದಲಾದ್ರ ಇಲ್ಲಿ ತಾನ ಬದಲಾಗ್ತೈತಿ” ಎಂದು ಆ ಯುವಕನು ಸಮಾಧಾನ ಹೇಳಿದನು.

ಅವನು ಹೇಳಿದುದೇ ಈ ವಿಷಯದ ತಿರುಳು. ಪ್ರಿಂಟರಿಗೆ ತಿಳುವಳಿಕೆಯಿಲ್ಲ, ದಫ್ತರದಲ್ಲಿದ್ದುದನ್ನು ಅದು ಒಪ್ಪಿಸುವುದು. ಮೂರೂರು ತಿರುಗಿದರೂ ದಫ್ತರ ಒಂದೇ ಆದುದರಿಂದ ಅಚ್ಚೂ ಒಂದೇ. ಆ ತಾಯಿಗೆ ಮೊದಲ ದಿನವೇ ಇದನ್ನು ಯಾರಾದರೂ ಹೇಳಿದ್ದರೆ ಎರಡು ದಿನದ ಕೂಲಿಯೂ ಬಸ್ಸಿನ ಹಣವೂ ಉಳಿಯುತ್ತಿದ್ದುವು.

ಗೃಹಸ್ಥರು ನೆನಪಿನಲ್ಲಿಡಬೇಕಾದ ಕೆಲವು ಮಾತುಗಳನ್ನು ಇಲ್ಲಿ ಹೇಳಬಹುದು. ಹಾಳೆ ಕೈಗೆ ಬಂದೊಡನೆ ಮಡಿಸಿ ಜೇಬಿಗಿಡದೆ ಅಲ್ಲಿಯೇ ಓದಬೇಕು. ಓದಲು ಬಾರದವರಿಗೆ ಪಕ್ಕದಲ್ಲಿದ್ದವರು ಓದಿ ಹೇಳಬೇಕು. ಸರ್ವೆ ನಂಬರು, ಹಿಸ್ಸಾ, ಎಕರೆ ಗುಂಟೆಗಳ ಲೆಕ್ಕ ಸರಿಯಾಗಿವೆಯೇ? ೪೦ ಗುಂಟೆಗೆ ಒಂದು ಎಕರೆಯೆಂಬುದನ್ನು ಮರೆಯಬಾರದು. ೯ನೆಯ ಕಾಲಮಿನಲ್ಲಿ ಖಾತೆದಾರರ ಹೆಸರು, ೧೧ನೆಯದರಲ್ಲಿ ಹಕ್ಕು ಮತ್ತು ಋಣ, ೧೨ನೆಯದರಲ್ಲಿ ಸಾಗುವಳಿ ಮತ್ತು ಬೆಳೆ ಇರುವುವು. ಅಕ್ಷರ ಮಸುಕಾಗಿದ್ದರೆ ಅಥವಾ ಅಂಚು ಕತ್ತರಿಸಿದ್ದರೆ ಅದು ಪ್ರಿಂಟರಿನ ದೋಷ. ಇನ್ನೊಂದು ಪ್ರತಿಯನ್ನು ಕೇಳಿದರೆ ಸಾಕು. ಹೆಸರೋ ವಿಸ್ತೀರ್ಣವೋ ತಪ್ಪಾಗಿದ್ದರೆ ಅದು ದಫ್ತರದ ದೋಷ; ಅರ್ಜಿಯೇ ದಾರಿ. ಅಚ್ಚಾದ ಹಾಳೆಯನ್ನು ಲೇಖನಿಯಿಂದ ಎಂದಿಗೂ ತಿದ್ದಬಾರದು. ಜಾಲದಲ್ಲಿ ಹಣವಿಲ್ಲದೆ ನೋಡಲು ಸಿಗುವ ಪಹಣಿಯು ತಿಳಿವಿಗೆ ಮಾತ್ರ. ಕಚೇರಿಗೆ ಒಪ್ಪಿಸುವುದಕ್ಕೆ ಶುಲ್ಕ ಕೊಟ್ಟು ಪಡೆದುದೇ ಬೇಕು.

“ಸರ್ವರ್ ಇಲ್ಲ” ಎಂಬ ಮಾತನ್ನು ಕೇಳದವರಾರು? ಆಗ ತಾಳ್ಮೆಗೆಟ್ಟು ಕೀಲಿಯನ್ನು ಹತ್ತು ಸಲ ಒತ್ತಬಾರದು. ಅಪ್ಪಣೆಗಳು ಸರತಿಯಲ್ಲಿ ಕಾದಿದ್ದು, ಸಂಪರ್ಕ ಬಂದೊಡನೆ ಒಂದಾದ ಮೇಲೊಂದರಂತೆ ಅಚ್ಚಾಗಬಹುದು. ಹಾಗೆಯೇ ಜೆರಾಕ್ಸ್ ಅಂಗಡಿಯಲ್ಲಿ ಕಡತವನ್ನು ಅಚ್ಚುಮಾಡಿಸಿದರೆ, ಅಲ್ಲಿಯ ಯಂತ್ರದಲ್ಲಿ ಉಳಿದ ಪ್ರತಿಯನ್ನು ನಮ್ಮೆದುರಿಗೇ ಅಳಿಸಿಸಬೇಕು. ಕಾಗದ ನಮ್ಮ ಕೈಗೆ ಬಂದರೂ ಕಡತ ಅಲ್ಲಿಯೇ ಉಳಿದಿರುವುದು.

ಪಟವಾರಿಯ ಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದ ರೈತನ ಮೊಮ್ಮಗನು ಇಂದು ಎಲ್ಲಿ ಬೇಕಾದರೂ ತನ್ನ ಹೊಲದ ಪತ್ರವನ್ನು ತೆಗೆಸಬಲ್ಲನು. ಇದು ಸಣ್ಣ ಲಾಭವಲ್ಲ. ಆದರೆ ಅಂದು ಹಿರಿಯರು ನಕಲನ್ನು ನಾಲ್ವರಿಗೆ ತೋರಿಸಿ ಓದಿಸಿಕೊಳ್ಳುತ್ತಿದ್ದರು. ಆ ಎಚ್ಚರವನ್ನು ಯಂತ್ರವು ನಮಗಾಗಿ ಮಾಡಿಕೊಡಲಾರದು. ಈ ಮುಂಗಾರಿನಲ್ಲಿ ಮನೆಗೆ ಬಂದ ಪಹಣಿಯನ್ನು ಸಂಜೆ ದೀಪ ಹಚ್ಚಿದ ಮೇಲೆ ಮನೆಮಂದಿಯೆಲ್ಲ ಒಮ್ಮೆ ಕೂಡಿ ಓದಿರಿ; ಶಾಲೆಗೆ ಹೋಗುವ ಮಗುವಿನಿಂದಲೇ ಓದಿಸಿರಿ.