ಮರದ ವಯಸ್ಸು, ಬಣ್ಣದ ವಯಸ್ಸು
(ಮಗುವಿನ ಆಟಕ್ಕೆ ಹಳೆಯ ಮರದ ಸಾಮಾನು ಕೊಳ್ಳುವ ಮುನ್ನ)

ಮೂರು ವರ್ಷದ ಮಗುವಿಗೆ ದೊಡ್ಡವರ ಕುರ್ಚಿಯೆಂದರೆ ಒಂದು ಗುಡ್ಡ. ಹತ್ತಿಯೇ ಕುಳಿತುಕೊಳ್ಳಬೇಕು, ಕುಳಿತ ಮೇಲೂ ಕಾಲು ನೆಲಕ್ಕೆ ಎಟುಕುವುದಿಲ್ಲ. ಆದುದರಿಂದಲೇ ನಮ್ಮ ಹಿರಿಯರು ಮಕ್ಕಳಿಗೆಂದು ಪುಟ್ಟ ಮಣೆ, ಪುಟ್ಟ ಕುರ್ಚಿ, ನಡಿಗೆ ಕಲಿಸುವ ಮೂರು ಗಾಲಿಯ ಗಾಡಿ, ಗೊಂಬೆಯನ್ನು ಮಲಗಿಸುವ ತೊಟ್ಟಿಲು, ಆಟದ ಅಡಿಗೆಯ ಪಾತ್ರೆಗಳನ್ನಿಡುವ ಕಪಾಟು ಇವನ್ನೆಲ್ಲ ಊರಿನ ಬಡಗಿಯಿಂದ ಮಾಡಿಸುತ್ತಿದ್ದರು. ಮಗುವಿಗೆ ಇವು ಬೇಕಾಗುವುದು ನಾಲ್ಕೈದು ವರ್ಷ ಮಾತ್ರ. ಒಳ್ಳೆಯ ಮರವಾದರೋ ನಲವತ್ತು ವರ್ಷ ಬಾಳುತ್ತದೆ. ಈ ಎರಡು ಕಾಲಗಳ ಅಂತರದಿಂದಾಗಿ ಸಾಮಾನು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗುತ್ತದೆ.

ಇಂಥ ಸಾಮಾನನ್ನು ಹುಡುಕುವವರಿಗೆ ಶಿವಮೊಗ್ಗ ಮತ್ತು ಭದ್ರಾವತಿ ಅನುಕೂಲವಾದ ಊರುಗಳು. ತೇಗ, ಬೀಟೆ, ಹೊನ್ನೆ, ಮತ್ತಿ, ಹಲಸು ಮುಂತಾದ ಮರಗಳು ಬೆಳೆಯುವ ಜಿಲ್ಲೆ ಇದು. ೧೯೨೩ರಲ್ಲಿ ಭದ್ರಾವತಿಯ ಊದುಕುಲುಮೆ ಹೊತ್ತಿಕೊಂಡಾಗ ಕಬ್ಬಿಣದ ಅದಿರನ್ನು ಕರಗಿಸಿದುದು ಕಾಡಿನ ಸೌದೆಯಿಂದ ತಯಾರಿಸಿದ ಇದ್ದಲು. ಆ ಕಾರ್ಖಾನೆಯ ಸುತ್ತಲೂ, ೧೯೩೦ರ ದಶಕದಲ್ಲಿ ಬಂದ ಕಾಗದದ ಕಾರ್ಖಾನೆಯ ಸುತ್ತಲೂ ನೌಕರರ ವಸತಿಗೃಹಗಳು ಎದ್ದವು. ನಿವೃತ್ತರಾಗಿ ಮನೆ ಬಿಡುವವರು ಹೊತ್ತೊಯ್ಯಲಾಗದ ಸಾಮಾನನ್ನು ನೆರೆಯವರಿಗೆ ಕೊಟ್ಟೋ ಮಾರಿಯೋ ಹೋಗುವುದು ಕಾರ್ಖಾನೆಯ ಊರುಗಳ ರೂಢಿ. ೨೦೧೫ರ ಸುಮಾರಿಗೆ ಕಾಗದದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತ ಮೇಲೆ ಹಾಗೆ ಹೊರಟ ಸಂಸಾರಗಳು ಅನೇಕ. ಇಪ್ಪತ್ತು ಕಿಲೋಮೀಟರಿನಷ್ಟು ದೂರದ ಶಿವಮೊಗ್ಗದಲ್ಲಿ ಹಳೆಯ ಹೆಂಚಿನ ಮನೆಯನ್ನು ಕೆಡವಿ ಹೊಸ ಮನೆ ಕಟ್ಟುವಾಗ ಅಟ್ಟದ ಸಾಮಾನು ಬೀದಿಗಿಳಿಯುತ್ತದೆ. ನೆಂಟರ ಅಟ್ಟ, ಬಡಗಿಯ ಕೊಟ್ಟಿಗೆ, ಹಳೆಯ ಸಾಮಾನಿನ ಅಂಗಡಿ ಇವು ಮೊದಲು ವಿಚಾರಿಸತಕ್ಕ ಸ್ಥಳಗಳು.

ಸಿಕ್ಕಿದುದನ್ನು ಮನೆಗೆ ತರಬಹುದೆ? ಇದೇ ನಿಜವಾದ ಪ್ರಶ್ನೆ. ಭಾರತದಲ್ಲಿ ೨೦೨೧ರ ಜನವರಿ ೧ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯವಾಯಿತು. ನೋಂದಣಿಯಾದ ಕುಶಲಕರ್ಮಿಗಳ ಕೈಕೆಲಸಕ್ಕೆ ಅದರಿಂದ ವಿನಾಯಿತಿ ಉಂಟು. ಅದಕ್ಕಿಂತ ಹಿಂದೆ ಊರ ಬಡಗಿ ಮಾಡಿಕೊಟ್ಟ ಕುರ್ಚಿಗಂತೂ ಗುರುತಿನ ಮಾತೇ ಇಲ್ಲ. ಆದುದರಿಂದ ಅದನ್ನು ಪರೀಕ್ಷಿಸಬೇಕಾದವರು ಕೊಳ್ಳುವವರೇ. ಈ ಪರೀಕ್ಷೆಗೆ ಪ್ರೌಢಶಾಲೆಯ ಭೌತಶಾಸ್ತ್ರ ಸಾಕು. ಮನೆಯಲ್ಲಿ ಪುಟ್ಟ ತಂಗಿಯೋ ಅಕ್ಕನ ಮಗುವೋ ಇರುವ ವಿದ್ಯಾರ್ಥಿಯು ಈ ಕೆಲಸಕ್ಕೆ ಎಲ್ಲರಿಗಿಂತ ತಕ್ಕವನು, ತಕ್ಕವಳು.

ಮರಕ್ಕೆ ವಯಸ್ಸಾದರೆ ಒಳ್ಳೆಯದು

ಮರವು ಗಾಳಿಯೊಡನೆ ಸದಾ ತೇವದ ವ್ಯವಹಾರ ನಡೆಸುತ್ತಿರುತ್ತದೆ. ಮಳೆಗಾಲದಲ್ಲಿ ತೇವವನ್ನು ಹೀರಿ ಉಬ್ಬುತ್ತದೆ. ಬೇಸಗೆಯಲ್ಲಿ ಬಿಟ್ಟುಕೊಟ್ಟು ಕುಗ್ಗುತ್ತದೆ. ಈ ಹಿಗ್ಗು ಕುಗ್ಗುಗಳು ಎಲ್ಲ ದಿಕ್ಕಿನಲ್ಲೂ ಒಂದೇ ಸಮನಲ್ಲ. ಎಳೆಯ ಉದ್ದಕ್ಕೆ ಬಹುಮಟ್ಟಿಗೆ ಇಲ್ಲವೆಂದೇ ಹೇಳಬಹುದು. ಎಳೆಗೆ ಅಡ್ಡಲಾಗಿ ಮಾತ್ರ ಎದ್ದು ಕಾಣುವಷ್ಟಿರುತ್ತದೆ. ಇಪ್ಪತ್ತು ಸೆಂಟಿಮೀಟರ್ ಅಗಲದ ತೇಗದ ಹಲಗೆಯ ತೇವಾಂಶವು ಶೇಕಡ ೧೦ರಿಂದ ೧೫ಕ್ಕೆ ಏರಿದರೆ, ಹಲಗೆಯನ್ನು ಕೊಯ್ದ ರೀತಿಯನ್ನನುಸರಿಸಿ, ಅದರ ಅಗಲ ಸುಮಾರು ಎರಡು ಮಿಲಿಮೀಟರಿನವರೆಗೆ ಹೆಚ್ಚಬಹುದು. ಇದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುತ್ತದೆ. ಶಿವಮೊಗ್ಗ ಭದ್ರಾವತಿಗಳಲ್ಲಿ ಮಳೆ ಅದಕ್ಕಿಂತ ಬಹಳ ಕಡಿಮೆ. ಆದರೂ ಆಷಾಢದ ಗಾಳಿಗೂ ಚೈತ್ರದ ಗಾಳಿಗೂ ಇರುವ ತೇವದ ಅಂತರ ಕಡಿಮೆಯದಲ್ಲ.

ಹಸಿ ಮರದಿಂದ ಅವಸರವಾಗಿ ಮಾಡಿದ ಕುರ್ಚಿ ಮೊದಲ ಒಂದೆರಡು ವರ್ಷಗಳಲ್ಲಿಯೇ ಸೀಳುತ್ತದೆ, ತಿರುಚಿಕೊಳ್ಳುತ್ತದೆ. ಮೂವತ್ತು ಮಳೆಗಾಲ, ಮೂವತ್ತು ಬೇಸಗೆಗಳನ್ನು ಕಂಡೂ ನಾಲ್ಕು ಕಾಲುಗಳನ್ನು ನೆಲಕ್ಕೆ ಸಮನಾಗಿ ಊರಿ ನಿಂತಿರುವ ಕುರ್ಚಿಯು ಯಾವ ಪ್ರಯೋಗಾಲಯವೂ ಮಾಡಲಾರದಷ್ಟು ದೀರ್ಘವಾದ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆ. ಹಳೆಯ ಸಾಮಾನಿನ ಮೊದಲನೆಯ ಗುಣ ಇದು.

ಎರಡನೆಯ ಗುಣ ಜೋಡಣೆಯದು. ಒಂದು ಮರದಲ್ಲಿ ಕುಳಿ ತೋಡಿ, ಇನ್ನೊಂದರ ತುದಿಯನ್ನು ನಾಲಗೆಯಂತೆ ಕೆತ್ತಿ, ಅದನ್ನು ಕುಳಿಯಲ್ಲಿ ಕೂರಿಸಿ ಮರದ ಗೂಟ ಬಡಿಯುವುದು ನುರಿತ ಬಡಗಿಯ ಪದ್ಧತಿ. ಭಾರವು ಇಲ್ಲಿ ಅಗಲವಾದ ಮೇಲ್ಮೈಯ ಮೇಲೆ ಹರಡಿಕೊಳ್ಳುತ್ತದೆ. ಕಬ್ಬಿಣದ ಮೊಳೆಯಾದರೆ ಭಾರವೆಲ್ಲ ಅದರ ಸಣ್ಣ ಮೈಯ ಮೇಲೆ ಬೀಳುತ್ತದೆ. ಮರ ಉಬ್ಬಿ ಕುಗ್ಗಿದಂತೆಲ್ಲ ಮೊಳೆಯ ಸುತ್ತಲಿನ ರಂಧ್ರ ದೊಡ್ಡದಾಗುತ್ತ ಹೋಗುತ್ತದೆ. ಬಣ್ಣದ ಅಡಿಯಲ್ಲಿ ಅಡಗಿರುವ ಮೊಳೆಗಳನ್ನು ಒಂದು ಅಯಸ್ಕಾಂತದ ತುಂಡು ಹೇಳಿಕೊಡುತ್ತದೆ. ಕುರ್ಚಿಯ ಎದುರುಬದುರಿನ ಎರಡು ಮೂಲೆಗಳನ್ನು ಹಿಡಿದು ಮೆಲ್ಲನೆ ತಿರುಚಿ ನೋಡಿರಿ. ಕಿರುಗುಟ್ಟಿದರೆ ಬಡಗಿಗೆ ತೋರಿಸಬೇಕು; ಕೀಲುಗಳು ಸರಿದಾಡಿದರೆ ರಿಪೇರಿಯ ವೆಚ್ಚವನ್ನೂ ಬೆಲೆಯಲ್ಲಿ ಸೇರಿಸಿಕೊಂಡು ಯೋಚಿಸಬೇಕು. ಸಣ್ಣ ತೂತುಗಳಿಂದ ಹಿಟ್ಟಿನಂಥ ಹೊಸ ಪುಡಿ ಉದುರುತ್ತಿದ್ದರೆ ಒಳಗೆ ಹುಳು ಇನ್ನೂ ಕೊರೆಯುತ್ತಿದೆಯೆಂದು ತಿಳಿದು ಬಿಟ್ಟುಬಿಡುವುದು ಲೇಸು.

ಆಕಾರದ ಲೆಕ್ಕ

ಮರ ಗಟ್ಟಿಯಾಗಿದ್ದ ಮಾತ್ರಕ್ಕೆ ಸಾಮಾನು ಮಗುವಿಗೆ ಸುರಕ್ಷಿತವಾಗಲಿಲ್ಲ. ವಸ್ತುವಿನ ಗುರುತ್ವಕೇಂದ್ರದಿಂದ ಇಳಿಬಿಟ್ಟ ಲಂಬರೇಖೆ ಅದರ ಪಾದದೊಳಗೆ ಬೀಳುವವರೆಗೆ ವಸ್ತು ನಿಲ್ಲುತ್ತದೆ. ಹೊರಗೆ ಬಿದ್ದೊಡನೆ ಉರುಳುತ್ತದೆ. ಪಾಠದಲ್ಲಿ ಓದಿದ ಈ ನಿಯಮವನ್ನು ಕುರ್ಚಿಗೆ ಅನ್ವಯಿಸೋಣ.

ಕುರ್ಚಿಯ ತೂಕ ೨ ಕಿಲೋಗ್ರಾಂ, ಪೀಠದ ಎತ್ತರ ೨೫ ಸೆಂಟಿಮೀಟರ್, ಕಾಲುಗಳ ನಡುವಣ ಅಂತರ ೨೪ ಸೆಂಟಿಮೀಟರ್ ಎಂದಿಟ್ಟುಕೊಳ್ಳಿರಿ. ಅದರ ಮೇಲೆ ೧೪ ಕಿಲೋಗ್ರಾಂ ತೂಕದ ಮಗು ಕುಳಿತಿದೆ. ಮಗು, ಕುರ್ಚಿಗಳೆರಡೂ ಸೇರಿದ ಗುರುತ್ವಕೇಂದ್ರ ನೆಲದಿಂದ ಸುಮಾರು ೪೨ ಸೆಂಟಿಮೀಟರ್ ಮೇಲಿರುತ್ತದೆ. ಅಂತರದ ಅರ್ಧವಾದ ೧೨ನ್ನು ೪೨ರಿಂದ ಭಾಗಿಸಿದರೆ ದೊರೆಯುವುದು ಉರುಳುವ ಕೋನದ ಸ್ಪರ್ಶಕ. ಕೋನ ಸುಮಾರು ೧೬ ಡಿಗ್ರಿ. ಅಷ್ಟು ಓರೆಯಾಗುವವರೆಗೆ ಕುರ್ಚಿ ಮರಳಿ ತನ್ನ ಸ್ಥಾನಕ್ಕೆ ಬರಬಲ್ಲದು. ಆದರೆ ಮಗು ಕುಳಿತೇ ಇರುವುದೆ? ಎದ್ದು ಪೀಠದ ಮೇಲೆ ನಿಂತರೆ ಗುರುತ್ವಕೇಂದ್ರ ಸುಮಾರು ೭೨ ಸೆಂಟಿಮೀಟರಿಗೆ ಏರುತ್ತದೆ. ಕೋನ ೯ ಡಿಗ್ರಿಯಷ್ಟಕ್ಕೆ ಇಳಿಯುತ್ತದೆ. ಕಾಲುಗಳು ಕೆಳಗೆ ಹೊರಚಾಚಿ ಅಂತರ ೩೨ ಸೆಂಟಿಮೀಟರ್ ಆಗಿದ್ದರೆ ಈ ಕೋನಗಳು ಸುಮಾರು ೨೧ ಮತ್ತು ೧೨.೫ ಡಿಗ್ರಿಗಳಾಗುತ್ತವೆ. ಹಳೆಯ ಬಡಗಿಗಳು ಮಕ್ಕಳ ಪೀಠದ ಕಾಲುಗಳನ್ನು ಓರೆಯಾಗಿ ಕೂರಿಸುತ್ತಿದ್ದುದಕ್ಕೆ ಇಲ್ಲಿ ಕಾರಣ ಸಿಗುತ್ತದೆ. ಅಗಲ ಪಾದ, ತಗ್ಗು ಪೀಠ: ಕೊಳ್ಳುವಾಗ ನೆನಪಿಡಬೇಕಾದುದು ಇದು.

ಆಟದ ಕಪಾಟಿನ ವಿಷಯ ಇನ್ನೂ ಗಂಭೀರ. ಎತ್ತರ ೮೦ ಸೆಂಟಿಮೀಟರ್, ಆಳ ೨೫ ಸೆಂಟಿಮೀಟರ್, ತೂಕ ೮ ಕಿಲೋಗ್ರಾಂ ಇರುವ ಕಪಾಟಿನ ಮೇಲಂಚನ್ನು ಮಗು ಹಿಡಿದು ಎಳೆಯುತ್ತದೆಯೆನ್ನೋಣ. ಕಪಾಟನ್ನು ಹಿಡಿದು ನಿಲ್ಲಿಸುವ ಭ್ರಾಮಕ ೮ × ೧೨.೫, ಅಂದರೆ ೧೦೦. ಎಳೆತದ ಸನ್ನೆಯ ಉದ್ದ ೮೦. ಆದುದರಿಂದ ಒಂದೂಕಾಲು ಕಿಲೋಗ್ರಾಂ ತೂಕದಷ್ಟು ಎಳೆತಕ್ಕೆ ಕಪಾಟು ಮುಂದಕ್ಕೆ ವಾಲತೊಡಗುತ್ತದೆ! ತಳದಲ್ಲಿ ಹತ್ತು ಕಿಲೋಗ್ರಾಂ ಅಕ್ಕಿಯ ಚೀಲವನ್ನಿಟ್ಟರೂ ಮೂರು ಕಿಲೋಗ್ರಾಮಿಗೆ ಒಳಗಿನ ಎಳೆತವೇ ಸಾಕಾಗುವುದು. ಮಗು ತೆರೆದ ಬಾಗಿಲಿಗೆ ಜೋತುಬಿದ್ದರಂತೂ ಹೇಳಬೇಕಾದುದೇ ಇಲ್ಲ. ಇಲ್ಲಿ ನಂಬತಕ್ಕ ಉಪಾಯ ಒಂದೇ: ಕಪಾಟಿನ ಬೆನ್ನಿನ ಮೇಲ್ಭಾಗವನ್ನು ಎರಡು ಕಡೆ ತಿರುಪುಮೊಳೆಗಳಿಂದ ಗೋಡೆಗೆ ಬಿಗಿಯುವುದು. ಅದಕ್ಕೆ ಒಪ್ಪದವರು ಎತ್ತರದ ಕಪಾಟನ್ನು ಕೊಳ್ಳಬಾರದು.

ಮೂರು ಗಾಲಿಯ ಗಾಡಿಯಲ್ಲಿ ಹಿಡಿಯು ಹಿಂದಿನ ಗಾಲಿಗಳಿಗಿಂತಲೂ ಹಿಂದೆ ಚಾಚಿರುವುದುಂಟು. ಮಗು ಅದಕ್ಕೆ ಜೋತು ಹಿಂದಕ್ಕೆ ಬಾಗಿದರೆ ಗಾಡಿ ಮುಂದೆ ಎದ್ದು ಮಗುವಿನ ಮೇಲೆಯೇ ಬರುತ್ತದೆ. ಹಿಡಿಯ ಮೇಲೆ ಕೈಯಿಂದ ಒತ್ತಿ ನೋಡಿರಿ. ಮುಂದಿನ ಗಾಲಿ ಸುಲಭವಾಗಿ ಎದ್ದರೆ ಗಾಡಿ ನಡಿಗೆ ಕಲಿಸಲು ತಕ್ಕುದಲ್ಲ.

ಬಣ್ಣಕ್ಕೆ ವಯಸ್ಸಾದರೆ ಕೆಟ್ಟದ್ದು

ಇನ್ನು ಕಣ್ಣಿಗೆ ಕಾಣದ ಅಪಾಯ. ಹಿಂದಿನ ಹೊಳೆಯುವ ಎಣ್ಣೆಬಣ್ಣಗಳಲ್ಲಿ ಸೀಸದ ಸಂಯುಕ್ತಗಳನ್ನು ಸೇರಿಸುವುದು ಸಾಮಾನ್ಯವಾಗಿತ್ತು. ಸೀಸದ ಕ್ರೋಮೇಟು ಒಳ್ಳೆಯ ಹಳದಿಯನ್ನು ಕೊಡುತ್ತದೆ. ಬೇರೆ ಕೆಲವು ಸಂಯುಕ್ತಗಳು ಬಣ್ಣವನ್ನು ಬೇಗ ಒಣಗಿಸುತ್ತವೆ. ಮಕ್ಕಳಿಗೆ ಪ್ರಿಯವಾದ ಗಾಢ ಹಳದಿ, ಕಿತ್ತಳೆ, ಕೆಂಪು, ಹಸಿರುಗಳಲ್ಲಿಯೇ ಸೀಸ ಹೆಚ್ಚಾಗಿರುವ ಸಂಭವವಿತ್ತು. ದೇಹವು ಸೀಸವನ್ನು ಕ್ಯಾಲ್ಸಿಯಮ್ಮಿನಂತೆಯೇ ಎಲುಬಿನಲ್ಲಿ ಶೇಖರಿಸಿಕೊಳ್ಳುತ್ತದೆ. ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರು ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚಿನ ಪಾಲನ್ನು ಎಳೆಯ ಮಕ್ಕಳು ಹೀರಿಕೊಳ್ಳಬಲ್ಲರು. ಅದರಿಂದ ಬೆಳೆಯುವ ಮಿದುಳಿಗೆ ಆದ ಹಾನಿ ಮರಳಿ ಸರಿಹೋಗುವಂಥದಲ್ಲ. ರಕ್ತದಲ್ಲಿ ಇಷ್ಟು ಸೀಸವಿದ್ದರೆ ಬಾಧಕವಿಲ್ಲ ಎನ್ನಬಹುದಾದ ಮಿತಿಯೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗುವಾದರೋ ಕುರ್ಚಿಯ ಅಂಚನ್ನು ಕಚ್ಚುತ್ತದೆ. ಉದುರಿದ ಪುಡಿ ಹತ್ತಿದ ಬೆರಳನ್ನು ಚೀಪುತ್ತದೆ.

ಭಾರತ ಸರ್ಕಾರ ೨೦೧೬ರಲ್ಲಿ ಹೊರಡಿಸಿದ ನಿಯಮಗಳಂತೆ ೨೦೧೭ರ ನವೆಂಬರಿನಿಂದ ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ ೯೦ ಭಾಗವನ್ನು ಮೀರಕೂಡದು. ಅದಕ್ಕೂ ಹಿಂದಿನ ಬಣ್ಣಗಳಲ್ಲಿ ಸೀಸವು ಸಾವಿರಗಟ್ಟಲೆ ಭಾಗಗಳಷ್ಟು ಇದ್ದುದುಂಟು. ಆದುದರಿಂದ ಮಾರುವವರನ್ನು ನಾವು ಕೇಳಬೇಕಾದ ಮುಖ್ಯ ಪ್ರಶ್ನೆ ‘ಕುರ್ಚಿ ಯಾವಾಗಿನದು?’ ಎಂಬುದಲ್ಲ, ‘ಬಣ್ಣ ಯಾವಾಗಿನದು?’ ಎಂಬುದು. ಉತ್ತರ ದೊರೆಯದಿದ್ದರೆ ಬಣ್ಣ ಹಳೆಯದೆಂದೇ ಭಾವಿಸತಕ್ಕದ್ದು.

ಸೀಸವನ್ನು ಕೆರೆಯದೆಯೇ ಕಂಡುಹಿಡಿಯುವ ಉಪಕರಣವೊಂದಿದೆ. ಕ್ಷಕಿರಣಗಳು ತಾಗಿದಾಗ ಪ್ರತಿಯೊಂದು ಧಾತುವಿನ ಪರಮಾಣುವೂ ತನ್ನದೇ ಆದ ಕ್ಷಕಿರಣವನ್ನು ಹೊರಸೂಸುತ್ತದೆ. ಆ ಕಿರಣದ ಆವರ್ತಾಂಕಕ್ಕೂ ಧಾತುವಿನ ಪರಮಾಣುಸಂಖ್ಯೆಗೂ ಇರುವ ಸಂಬಂಧವನ್ನು ೧೯೧೩ರಲ್ಲಿ ತೋರಿಸಿದವನು ಮೋಸ್ಲೆ ಎಂಬ ಇಂಗ್ಲೆಂಡಿನ ತರುಣ ವಿಜ್ಞಾನಿ. ಆ ತತ್ತ್ವದ ಮೇಲೆ ನಡೆಯುವ ಕೈಯಂತ್ರಗಳು ಕ್ಷಣಮಾತ್ರದಲ್ಲಿ ಸೀಸವನ್ನು ಗುರುತಿಸುತ್ತವೆ. ಆದರೆ ಅವು ಮನೆಮನೆಯಲ್ಲಿ ಇರುವ ವಸ್ತುಗಳಲ್ಲ.

ಅಂಥ ಯಂತ್ರ ಇಲ್ಲದೆಡೆ ಎಚ್ಚರವೇ ಉಪಾಯ. ಹಳೆಯ ಬಣ್ಣವನ್ನು ಉಪ್ಪುಕಾಗದದಿಂದ ಒಣ ಉಜ್ಜುವುದು, ಬೆಂಕಿಯಿಂದ ಸುಡುವುದು ಇವೆರಡೂ ಅತ್ಯಂತ ಅಪಾಯಕರ; ಮರಕ್ಕೆ ಅಂಟಿಕೊಂಡಿದ್ದ ಸೀಸವನ್ನು ಧೂಳಾಗಿಯೋ ಹೊಗೆಯಾಗಿಯೋ ಮನೆಯೆಲ್ಲ ಹರಡಿದಂತಾಗುತ್ತದೆ. ಮೇಲೆ ಹೊಸ ಬಣ್ಣ ಬಳಿದರೆ ಸೀಸ ಮರೆಯಾಗುವುದೇ ಹೊರತು ಇಲ್ಲದಾಗುವುದಿಲ್ಲ. ಕಚ್ಚಿದ ಅಂಚಿನಲ್ಲಿ ಹಳೆಯದು ಮತ್ತೆ ತಲೆದೋರುತ್ತದೆ. ಬಣ್ಣವೇ ಇಲ್ಲದ, ಅಥವಾ ಎಣ್ಣೆ ಮಾತ್ರ ಸವರಿದ ಮರವನ್ನು ಆರಿಸಿಕೊಳ್ಳುವುದು ಉತ್ತಮ. ಚನ್ನಪಟ್ಟಣದಲ್ಲಿ ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತಿ, ಘರ್ಷಣೆಯ ಶಾಖದಿಂದಲೇ ಅರಗನ್ನು ಕರಗಿಸಿ ಮೆರುಗು ಕೊಡುತ್ತಾರೆ. ಇದು ಎಣ್ಣೆಬಣ್ಣವಲ್ಲ, ಆದರೂ ಅರಗಿಗೆ ಬೆರೆಸಿದ ಬಣ್ಣ ಯಾವುದೆಂದು ವಿಚಾರಿಸುವುದರಲ್ಲಿ ತಪ್ಪಿಲ್ಲ. ಬಣ್ಣ ಉದುರುವ ಸಾಮಾನಿನೊಡನೆ ಮಗು ಈಗಾಗಲೇ ಬಹುಕಾಲ ಆಡಿದ್ದರೆ ವೈದ್ಯರಿಗೆ ತಿಳಿಸಬೇಕು. ರಕ್ತಪರೀಕ್ಷೆಯಿಂದ ಸಂಶಯ ಪರಿಹಾರವಾಗುತ್ತದೆ.

ಕೆಲವು ಸಣ್ಣ ಅಳತೆಗಳು

ಮೂರು ವರ್ಷದೊಳಗಿನ ಮಗುವಿಗಾದರೆ, ೩.೨ ಸೆಂಟಿಮೀಟರ್ ವ್ಯಾಸದ ಕೊಳವೆಯಲ್ಲಿ ಅಡಗುವಷ್ಟು ಚಿಕ್ಕ ಗುಬುಟು, ಗೂಟ, ಗಾಲಿಗಳು ಕಳಚಿಬರುವಂತಿರಬಾರದು. ಅವು ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಮಗುವೇ ಮಲಗುವ ತೊಟ್ಟಿಲಾದರೆ ಕಂಬಿಗಳ ನಡುವಣ ಬಿಡುವು ೬ ಸೆಂಟಿಮೀಟರನ್ನು ಮೀರಬಾರದು. ಮೀರಿದರೆ ಮೈ ಜಾರಿ ತಲೆ ಸಿಕ್ಕಿಬೀಳುವ ಭಯವಿದೆ. ಮುಚ್ಚಳ, ಬಾಗಿಲುಗಳ ಕೀಲಿನ ಬಳಿಯ ಸಂದು ಒಂದೋ ೫ ಮಿಲಿಮೀಟರಿಗೆ ಕಡಿಮೆಯಿರಬೇಕು, ಇಲ್ಲವೆ ೧೨ ಮಿಲಿಮೀಟರಿಗೆ ಹೆಚ್ಚಿರಬೇಕು. ಇವೆರಡರ ನಡುವಿನ ಸಂದು ಎಳೆಯ ಬೆರಳನ್ನು ಒಳಕ್ಕೆ ಬಿಟ್ಟುಕೊಂಡು ಜಜ್ಜುತ್ತದೆ.

ಹೀಗೆ ಹಳೆಯ ಸಾಮಾನನ್ನು ನೋಡಲು ಹೊರಡುವಾಗ ಜೊತೆಗೆ ಕೊಂಡೊಯ್ಯಬೇಕಾದುದು ಅಳತೆಯ ಪಟ್ಟಿ, ಸ್ಪ್ರಿಂಗ್ ತ್ರಾಸು, ಅಯಸ್ಕಾಂತದ ತುಂಡು ಇಷ್ಟೇ. ಕಪಾಟಿನ ಮೇಲಂಚಿಗೆ ತ್ರಾಸಿನ ಕೊಕ್ಕೆಯನ್ನು ಸಿಕ್ಕಿಸಿ ಮೆಲ್ಲನೆ ಎಳೆದರೆ ಮೇಲಿನ ಲೆಕ್ಕ ಸರಿಯೆ ಎಂಬುದನ್ನು ಅಂಗಡಿಯಲ್ಲಿಯೇ ನೋಡಬಹುದು. ಮರಕ್ಕೂ ಜೋಡಣೆಗೂ ಒಳ್ಳೆಯ ಬೆಲೆ ಕೊಡಿರಿ. ಹಳೆಯ ಬಣ್ಣದ ಹೊಳಪಿಗೆ ಬೆಲೆ ಕಟ್ಟಬೇಡಿರಿ. ಮನೆಗೆ ತಂದ ಮೇಲೆ ಪೀಠದ ಅಡಿಯಲ್ಲಿ ಅಳಿಸದಂತೆ ಎರಡು ಸಾಲು ಬರೆದಿಡಿರಿ: ಮರ ಯಾವುದು, ಯಾವ ಬಣ್ಣವನ್ನು ಯಾವ ವರ್ಷ ಬಳಿದುದು. ನಿಮ್ಮ ಮನೆಯ ಮಗು ಬೆಳೆದ ಮೇಲೆ ಆ ಕುರ್ಚಿ ಇನ್ನೊಂದು ಮನೆಗೆ ಹೋಗುವುದು ಖಂಡಿತ. ಆಗ ಅಲ್ಲಿಯವರು ಈ ಪ್ರಶ್ನೆಯನ್ನು ಯಾರನ್ನೂ ಕೇಳಬೇಕಾಗುವುದಿಲ್ಲ.