ಮನುಷ್ಯ ಹೋದ ಊರಿಗೆ ತೋಳ ಬಂತು

ಮನುಷ್ಯನೇ ಇಲ್ಲದಿದ್ದರೆ ಈ ಭೂಮಿ ಹೇಗಿದ್ದೀತು? ಕಲ್ಪನೆಗೆ ಬಿಡಬೇಕಾದ ಪ್ರಶ್ನೆ ಎನ್ನುತ್ತೀರಾ? ಆದರೆ ಇದಕ್ಕೆ ಒಂದಿಷ್ಟಾದರೂ ಉತ್ತರ ಹೇಳಬಲ್ಲ ಜಾಗವೊಂದಿದೆ. ಅದೇ ಚೆರ್ನೋಬಿಲ್.

1986ರ ಏಪ್ರಿಲ್ 26ರ ನಸುಕಿನಲ್ಲಿ, ಅಂದಿನ ಸೋವಿಯತ್ ಒಕ್ಕೂಟದ ಭಾಗವಾಗಿದ್ದ ಉಕ್ರೇನಿನ ಈ ಅಣು ವಿದ್ಯುತ್ ಸ್ಥಾವರದ ನಾಲ್ಕನೇ ರಿಯಾಕ್ಟರ್ ಸ್ಫೋಟಿಸಿತು. ಪಕ್ಕದ ಪ್ರಿಪ್ಯಾಟ್ ಪಟ್ಟಣದ ಸುಮಾರು 49,000 ಜನರನ್ನು ಮರುದಿನ ಬಸ್ಸುಗಳಲ್ಲಿ ಸಾಗಿಸಲಾಯಿತು. ಮೂರು ದಿನಗಳ ಮಟ್ಟಿಗೆ ಎಂದು ಹೊರಟವರು ಮತ್ತೆ ವಾಸಕ್ಕೆ ಮರಳಲೇ ಇಲ್ಲ. ಆ ವರ್ಷ ಸುತ್ತಲಿನ ಪ್ರದೇಶದಿಂದ ಒಟ್ಟು ಸುಮಾರು 1,16,000 ಮಂದಿ ಊರು ಬಿಟ್ಟರು.

ಮೊದಲು ಕಂಡದ್ದು ಸಾವೇ. ಸ್ಥಾವರದ ಬಳಿಯ ಪೈನ್ ಮರಗಳು ವಿಕಿರಣಕ್ಕೆ ಸಿಕ್ಕಿ ಕೆಂಪಾಗಿ ಒಣಗಿದವು. ಆ ಜಾಗಕ್ಕೆ 'ಕೆಂಪು ಕಾಡು' ಎಂಬ ಹೆಸರೇ ಬಂತು. ಆದರೆ ಕಾಲ ಕಳೆದಂತೆ ಅಲ್ಲೂ ಬರ್ಚ್ ಸಸಿಗಳು ಎದ್ದವು. ಉಳುವವರಿಲ್ಲದ ಹೊಲಗಳಿಗೆ ಮೊದಲು ಕಳೆ ಬಂತು, ಆಮೇಲೆ ಪೊದೆ, ಕೊನೆಗೆ ಮರ. ಜೌಗು ನೆಲವನ್ನು ಬಸಿದು ಬೇಸಾಯ ಮಾಡಲು ತೋಡಿದ್ದ ಕಾಲುವೆಗಳಿಗೆ ಬೀವರ್ ಎಂಬ ಪ್ರಾಣಿ ಅಡ್ಡಗಟ್ಟೆ ಕಟ್ಟಿತು. ಜೌಗು ಮರಳಿತು.

ಗಡಿಯಾಚೆ ಬೆಲಾರುಸ್ ಭಾಗದಲ್ಲಿ ನಡೆದ ಗಣತಿಯ ವಿವರ 2015ರಲ್ಲಿ ಪ್ರಕಟವಾಯಿತು. ಜಿಂಕೆ, ಕಾಡುಹಂದಿಗಳು ವಿಕಿರಣವಿಲ್ಲದ ಇತರ ರಕ್ಷಿತಾರಣ್ಯಗಳಲ್ಲಿ ಇರುವಷ್ಟೇ ಇಲ್ಲಿಯೂ ಇದ್ದವು. ತೋಳಗಳಂತೂ ಏಳು ಪಟ್ಟಿಗೂ ಹೆಚ್ಚು! ಉಕ್ರೇನ್ ಭಾಗದಲ್ಲಿ 1998ರಿಂದ ತಂದು ಬಿಟ್ಟ ಕಾಡುಕುದುರೆಗಳು ಸಂತತಿ ಬೆಳೆಸಿಕೊಂಡು, ಪಾಳುಬಿದ್ದ ಕೊಟ್ಟಿಗೆಗಳಲ್ಲಿ ಆಸರೆ ಪಡೆಯುತ್ತಿವೆ.

ಹಾಗಾದರೆ ವಿಕಿರಣದಿಂದ ಅಪಾಯವಿಲ್ಲವೇ? ಖಂಡಿತ ಇದೆ. ಅಲ್ಲಿನ ಅಂಬರಗುಬ್ಬಿಗಳ ಮೈಮೇಲೆ ಅಸಹಜ ಬಿಳಿ ಗರಿಗಳು ಕಂಡಿವೆ. ಹಾನಿ ಎಷ್ಟು ಆಳ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಆದರೂ ಪ್ರಾಣಿಗಳ ಸಂಖ್ಯೆ ಹೇಳುವುದು ಇಷ್ಟು: ನಮ್ಮ ನೇಗಿಲು, ಕೊಡಲಿ, ಕೋವಿಗಳ ದಿನನಿತ್ಯದ ಕಾಟ ಅಣು ದುರಂತಕ್ಕಿಂತ ಕಡಿಮೆಯದೇನಲ್ಲ.

ಕಥೆಗೆ ಇನ್ನೊಂದು ಮಗ್ಗುಲೂ ಇದೆ. ಜನ ಹೋದ ಮೇಲೆ ಎಲ್ಲ ಜೀವಿಗಳೂ ಹೆಚ್ಚಲಿಲ್ಲ. ಚೆಲ್ಲಿದ ಕಾಳು ಹೆಕ್ಕುತ್ತ, ಮನೆಯ ಸಂದಿಯಲ್ಲಿ ಗೂಡು ಕಟ್ಟುತ್ತಿದ್ದ ಗುಬ್ಬಚ್ಚಿಗಳು ಪಾಳು ಹಳ್ಳಿಗಳಿಂದ ಮರೆಯಾದವು. ಹುಲ್ಲುಗಾವಲಲ್ಲಿ ಮೇಯುತ್ತ, ಮನೆಯ ಮಾಡಿನ ಮೇಲೆ ಗೂಡಿಡುತ್ತಿದ್ದ ಬಿಳಿ ಕೊಕ್ಕರೆಗಳೂ ಕಡಿಮೆಯಾದವು. ಸಾವಿರಾರು ವರ್ಷ ನಮ್ಮ ಅಂಗಳವನ್ನೇ ನಂಬಿ ಬದುಕಿದ ಜೀವಿಗಳಿವು.

ಮನುಷ್ಯ ತೊಲಗಿದರೆ ಪ್ರಕೃತಿಗೆ ಕ್ಷೇಮ ಎಂಬುದು ಅರ್ಧ ಸತ್ಯ ಮಾತ್ರ. ತೋಳಕ್ಕೆ ಬೇಕಾದದ್ದು ನಾವಿಲ್ಲದ ಕಾಡು. ಗುಬ್ಬಿಗೆ ಬೇಕಾದದ್ದು ನಾವಿರುವ ಮನೆ. ಎರಡಕ್ಕೂ ಜಾಗ ಬಿಡಬೇಕಾದರೆ ನಾವು ಮಾಯವಾಗಬೇಕಾಗಿಲ್ಲ, ಎಲ್ಲೆಡೆ ಕೈಚಾಚುವುದನ್ನು ಬಿಟ್ಟರೆ ಸಾಕು.